‘ಕುಟ್ಟನೀಮತ’ವೂ ಅದರ ಓದುಗರೂ

೧

ಕಾಶಿಯ ಗೋದೌಲಿಯಾದಿಂದ ದಶಾಶ್ವಮೇಧ ಘಾಟಿನ ಕಡೆಗೆ ಹೊರಟವನು ದಾರಿಯಲ್ಲಿ ಎಡಕ್ಕೆ ತಿರುಗಿದರೆ ವಿಶ್ವನಾಥ ಗಲ್ಲಿಯನ್ನು ಹೊಗುತ್ತಾನೆ. ಬಳೆ, ಕುಂಕುಮ, ರುದ್ರಾಕ್ಷಿ, ಹಿತ್ತಾಳೆಯ ವಿಗ್ರಹ, ಬನಾರಸಿ ಸೀರೆ, ಗಂಗೆಯನ್ನು ತುಂಬಿ ಬಾಯಿ ಮುಚ್ಚಿದ ತಾಮ್ರದ ಗಿಂಡಿ—ಇವುಗಳ ಅಂಗಡಿಗಳ ನಡುವೆ ಸಾಗುವ ಯಾತ್ರಿಕನು ದೇವರನ್ನು ಕಾಣುವ ಮೊದಲು ಹತ್ತಾರು ಕರೆಗಳನ್ನು ಕೇಳಬೇಕಾಗುತ್ತದೆ. ಹೊಸಬನಿಗೆ ಪ್ರತಿಯೊಂದು ಕರೆಯೂ ತನಗಾಗಿಯೇ ಬಂದುದೆಂದು ತೋರುತ್ತದೆ. ಹಳಬನಿಗೆ ಅದು ಗಲ್ಲಿಯ ಸದ್ದು, ಅಷ್ಟೆ. ಈ ಎರಡು ಬಗೆಯ ಕೇಳ್ಮೆಗಳಲ್ಲಿರುವ ಅಂತರವೇ ವಂಚಿತನಾದವನಿಗೂ ಆಗದವನಿಗೂ ಇರುವ ಅಂತರ.

ಕನ್ನಡ ನಾಡಿನಿಂದ ಕಾಶಿಗೆ ಹೋಗುವ ದಾರಿ ಹಳೆಯದು. ಗಲ್ಲಿಗೆ ಅನತಿದೂರದಲ್ಲಿಯೇ ಜಂಗಮವಾಡಿ ಮಠವಿದೆ. ಗಂಗೆಯ ದಂಡೆಯಲ್ಲಿ ಕರ್ಣಾಟಕದ ಹೆಸರನ್ನು ಹೊತ್ತ ಘಾಟೂ ಇದೆ. ಹೀಗೆ ಬಂದ ಪರದೇಶಿಗಳಿಗೆ ಆ ಊರಿನವರೇ ಹೇಳುವ ಎಚ್ಚರಿಕೆಯ ಮಾತೊಂದುಂಟು: ವಿಧವೆ, ಗೂಳಿ, ಮೆಟ್ಟಿಲು, ಸಂನ್ಯಾಸಿ—ಈ ನಾಲ್ಕರಿಂದ ಪಾರಾದವನೇ ಕಾಶಿಯನ್ನು ಸೇವಿಸಬಲ್ಲನಂತೆ. ‘ಬನಾರಸಿ ಠಗ್’ ಎಂಬುದು ಹಿಂದಿಯಲ್ಲಿ ಒಂದು ನುಡಿಗಟ್ಟಾಗಿಯೇ ನಿಂತಿದೆ. ಆದರೆ ಈ ಎಚ್ಚರಿಕೆಯನ್ನು ಕಾವ್ಯವಾಗಿ ಬರೆದವನು ಕಾಶಿಯವನಲ್ಲ. ಆತ ಕಾಶ್ಮೀರದವನು, ಕ್ರಿಸ್ತಶಕ ಎಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಕಾರ್ಕೋಟ ವಂಶದ ಜಯಾಪೀಡನಿಗೆ ಮಂತ್ರಿಯಾಗಿದ್ದ ದಾಮೋದರಗುಪ್ತ. ಆತನ ‘ಕುಟ್ಟನೀಮತ’ವು ಸಾವಿರಕ್ಕೂ ಮಿಕ್ಕ ಆರ್ಯೆಗಳ ಕಾವ್ಯ. ‘ಶಂಭಲೀಮತ’ವೆಂಬುದು ಅದರ ಮತ್ತೊಂದು ಹೆಸರು. ಕನ್ನಡದ ‘ಕುಂಟಣಿ’ ಎಂಬ ಮಾತು ಈ ‘ಕುಟ್ಟನಿ’ಯ ತದ್ಭವವೇ ಆದುದರಿಂದ ಹೆಸರಿನ ಅರ್ಥವನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾದುದಿಲ್ಲ.

ಮೋಹಗೊಳಿಸಿ ಸುಲಿಯುವ ವಂಚಕಿಯ ಮನಸ್ಸನ್ನೂ ಸುಲಿಗೆಗೆ ಒಳಗಾಗುವವನ ಮನಸ್ಸನ್ನೂ ಇಷ್ಟು ಒಳಹೊಕ್ಕು ನೋಡಿದ ಕೃತಿ ಭಾರತೀಯ ಸಾಹಿತ್ಯದಲ್ಲಿ ವಿರಳ. ಈ ಕೃತಿಯ ವಿಷಯದಲ್ಲಿ ಸಾವಿರದ ಇನ್ನೂರು ವರ್ಷಗಳಿಂದ ಓದುಗರು ಒಂದು ಅಭಿಪ್ರಾಯಕ್ಕೆ ಬಂದಿಲ್ಲ. ಕೆಲವರಿಗೆ ಇದು ನೀತಿಗ್ರಂಥ, ಕೆಲವರಿಗೆ ಅಶ್ಲೀಲ. ಕೆಲವರಿಗೆ ಇತಿಹಾಸದ ಆಕರ, ಕೆಲವರಿಗೆ ಶುದ್ಧ ಶೃಂಗಾರ. ಈ ಭಿನ್ನಾಭಿಪ್ರಾಯ ಎಲ್ಲಿಂದ ಹುಟ್ಟಿತು ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

೨

ಕಾವ್ಯದ ಹಂದರ ಸರಳವಾದುದು. ವಾರಾಣಸಿಯ ವರ್ಣನೆಯಿಂದ ಅದು ಮೊದಲಾಗುತ್ತದೆ. ಆ ನಗರದಲ್ಲಿ ವಾರನಾರಿಯರೂ ಶಿವನ ಮೂರ್ತಿಯನ್ನು ಹೋಲುತ್ತಾರೆಂದು ಕವಿ ಒಂದು ಶ್ಲೇಷೆಯನ್ನು ಕಟ್ಟುತ್ತಾನೆ. ‘ಚಂದ್ರ’ವೆಂದರೆ ಶಿವನ ತಲೆಯ ಚಂದ್ರನೂ ಹೌದು, ವೇಶ್ಯೆಯ ಮೈಮೇಲಿನ ಚಿನ್ನವೂ ಹೌದು. ‘ಭೂತಿ’ ಎಂದರೆ ಭಸ್ಮ, ಸಂಪತ್ತು ಎರಡೂ. ‘ಭುಜಂಗ’ವೆಂದರೆ ಹಾವೂ ಆಗಬಹುದು, ವಿಟನೂ ಆಗಬಹುದು. ಮೊದಲ ನೋಟಕ್ಕೆ ಇದು ಬರಿಯ ಶಬ್ದಚಮತ್ಕಾರವೆಂದು ತೋರೀತು. ಆದರೆ ಒಂದೇ ಮಾತು ಕೇಳುವವನ ಭಾವಕ್ಕೆ ತಕ್ಕಂತೆ ಪವಿತ್ರವೂ ವ್ಯವಹಾರದ ಸರಕೂ ಆಗುತ್ತದೆ ಎಂಬುದನ್ನು ಕವಿ ಬಾಗಿಲಲ್ಲಿಯೇ ಹೇಳಿಬಿಟ್ಟಿದ್ದಾನೆ. ಮುಂದಿನ ಕಾವ್ಯವೆಲ್ಲ ಈ ಮಾತಿನ ವಿಸ್ತರಣ.

ಆ ನಗರದ ಮಾಲತಿ ಎಂಬ ತರುಣ ಗಣಿಕೆ ಮಹಡಿಯ ಮೇಲಿದ್ದಾಗ ಯಾರೋ ಹಾಡುತ್ತಿದ್ದ ಆರ್ಯೆಯೊಂದು ಕಿವಿಗೆ ಬೀಳುತ್ತದೆ. ಯೌವನದ ಗರ್ವವನ್ನು ಬಿಟ್ಟು ಕಾಮುಕರ ಮನಸ್ಸನ್ನು ಸೆಳೆಯುವ ಉಪಾಯಗಳನ್ನು ವೇಶ್ಯೆಯರು ಕಲಿಯಬೇಕೆಂಬುದು ಅದರ ತಾತ್ಪರ್ಯ. ಆಕೆ ಅದನ್ನು ತನಗೆ ಹೇಳಿದ ಮಾತೆಂದೇ ತಿಳಿದು ವಿಕರಾಲೆ ಎಂಬ ಮುದಿ ಕುಟ್ಟನಿಯ ಮನೆಗೆ ಹೋಗುತ್ತಾಳೆ. ರಾಜಾಧಿಕಾರಿಯೊಬ್ಬನ ಮಗನಾದ ಚಿಂತಾಮಣಿ ಎಂಬ ಒಡಂಬಡಿಕೆಯ ಬೇಟೆಯನ್ನು ವಿಕರಾಲೆ ತೋರಿಸಿಕೊಡುತ್ತಾಳೆ. ದೂತಿಯನ್ನು ಹೇಗೆ ಕಳುಹಬೇಕು, ಅವಳು ಏನು ಹೇಳಬೇಕು, ಮೊದಲ ರಾತ್ರಿ ಹೇಗೆ ನಡೆಯಬೇಕು, ಆತನ ಸಂಶಯವನ್ನು ಹೇಗೆ ಕಳೆಯಬೇಕು, ಹಣವನ್ನು ಹೇಗೆ ಹಿಂಡಬೇಕು, ಬರಿದಾದವನನ್ನು ಹೇಗೆ ಹೊರಗಟ್ಟಬೇಕು, ಮತ್ತೆ ಸಿರಿವಂತನಾದರೆ ಹೇಗೆ ಮರಳಿ ಕರೆದುಕೊಳ್ಳಬೇಕು—ಎಲ್ಲವೂ ಕ್ರಮವಾಗಿ ಬರುತ್ತದೆ. ವಾತ್ಸ್ಯಾಯನನ ಕಾಮಸೂತ್ರದ ವೈಶಿಕಾಧಿಕರಣದಲ್ಲಿ ಸೂತ್ರಗಳಾಗಿ ಒಣಗಿದ್ದುದು ಇಲ್ಲಿ ಜೀವಂತ ಸಂಭಾಷಣೆಯಾಗಿದೆ. ಮಗಳೂ ತಾಯಿಯೂ ವಿಟನ ಕಿವಿಗೆ ಬೀಳುವಂತೆ ಜಗಳವಾಡುವುದು ಒಂದು ಉಪಾಯ. ಇವನ ಮೇಲಿನ ಮೋಹದಿಂದ ಸಿರಿವಂತನನ್ನು ಬಿಟ್ಟೆಯಲ್ಲ ಎಂದು ತಾಯಿ ಬಯ್ಯಬೇಕು. ಮಗಳು ಧನಕ್ಕಿಂತ ಪ್ರೇಮವೇ ಮೇಲೆಂದು ವಾದಿಸಬೇಕು. ಮರೆಯಲ್ಲಿ ನಿಂತು ಕೇಳುವವನು ತಾನು ಗುಟ್ಟನ್ನು ಕದ್ದು ಕೇಳುತ್ತಿರುವೆನೆಂದು ಭಾವಿಸಿ ನಂಬುತ್ತಾನೆ. ಎದುರಿಗೆ ಹೇಳಿದ ಮಾತನ್ನು ಅನುಮಾನಿಸುವವನು ಕದ್ದು ಕೇಳಿದ ಮಾತನ್ನು ಅನುಮಾನಿಸುವುದಿಲ್ಲ. ಮನುಷ್ಯಸ್ವಭಾವವನ್ನು ಇಷ್ಟು ಬಲ್ಲವಳು ಆ ಮುದುಕಿ.

ವೇಶ್ಯೆಯಲ್ಲಿ ನಿಜವಾದ ಪ್ರೇಮವಿರುವುದುಂಟೆ ಎಂದು ಆತ ಸಂಶಯಿಸಿದರೆ ಹೇಳುವುದಕ್ಕೆ ಒಂದು ಕಥೆಯನ್ನು ವಿಕರಾಲೆ ಒದಗಿಸುತ್ತಾಳೆ; ಅದು ಹಾರಲತೆಯ ಕಥೆ. ಪಾಟಲಿಪುತ್ರದ ಸುಂದರಸೇನನು ಗೆಳೆಯ ಗುಣಪಾಲಿತನೊಡನೆ ದೇಶಾಟನೆಗೆ ಹೊರಟು ಅರ್ಬುದಗಿರಿಯಲ್ಲಿ ಹಾರಲತೆಯನ್ನು ಕಾಣುತ್ತಾನೆ. ಗೆಳೆಯನ ಬುದ್ಧಿಮಾತು ಫಲಿಸುವುದಿಲ್ಲ. ವರ್ಷಕ್ಕೂ ಮಿಕ್ಕಿ ಇಬ್ಬರೂ ಸುಖದಿಂದಿದ್ದ ಬಳಿಕ ತಂದೆಯ ಓಲೆ ಬರುತ್ತದೆ. ಬೀಳ್ಕೊಟ್ಟ ಆಲದ ಮರದ ಬುಡದಲ್ಲಿಯೇ ಹಾರಲತೆ ಪ್ರಾಣಬಿಡುತ್ತಾಳೆ. ಮರಳಿ ಬಂದ ಸುಂದರಸೇನ ಅವಳಿಗೆ ಸಂಸ್ಕಾರ ಮಾಡಿ ಗೆಳೆಯನೊಡನೆ ಸಂನ್ಯಾಸಕ್ಕೆ ಹೊರಡುತ್ತಾನೆ. ಕೊನೆಯಲ್ಲಿ ಇದಕ್ಕೆ ಎದುರಾದ ಮಂಜರಿಯ ಕಥೆ ಬರುತ್ತದೆ. ಕಾಶಿಯ ಶಿವಾಲಯಕ್ಕೆ ಬಂದ ಸಮರಭಟನೆಂಬ ರಾಜಕುಮಾರನ ಮುಂದೆ ಹರ್ಷನ ‘ರತ್ನಾವಳಿ’ಯ ಮೊದಲ ಅಂಕವನ್ನು ಆಡಲಾಗುತ್ತದೆ. ನಾಯಿಕೆಯ ಪಾತ್ರ ಮಾಡಿದ ಮಂಜರಿಗೆ ಆತ ಮನಸೋಲುತ್ತಾನೆ; ಕೆಲವೇ ದಿನಗಳಲ್ಲಿ ಚರ್ಮ ಎಲುಬು ಮಾತ್ರ ಉಳಿದವನಾಗುತ್ತಾನೆ. ಇಷ್ಟನ್ನು ಕೇಳಿದ ಮಾಲತಿ ಸಂದೇಹ ಕಳೆದು ವಿಕರಾಲೆಗೆ ನಮಸ್ಕರಿಸಿ ಮನೆಗೆ ಹೋಗುತ್ತಾಳೆ. ಈ ಕಾವ್ಯವನ್ನು ಸರಿಯಾಗಿ ಕೇಳಿದವನು ವಿಟ, ವೇಶ್ಯೆ, ಧೂರ್ತ, ಕುಟ್ಟನಿಯರಿಂದ ಮೋಸಹೋಗನೆಂಬ ಫಲಶ್ರುತಿಯೊಡನೆ ಕಾವ್ಯ ಮುಗಿಯುತ್ತದೆ.

೩

ಇನ್ನು ಓದುಗರ ಮಾತು. ಕಾವ್ಯವನ್ನು ಹೆಸರಿಸಿದ ಪ್ರಾಚೀನರಲ್ಲಿ ಮುಖ್ಯನಾದವನು ಹನ್ನೆರಡನೆಯ ಶತಮಾನದ ಕಲ್ಹಣ. ‘ರಾಜತರಂಗಿಣಿ’ಯ ನಾಲ್ಕನೆಯ ತರಂಗದಲ್ಲಿ ಜಯಾಪೀಡನು ಕುಟ್ಟನೀಮತಕಾರನಾದ ದಾಮೋದರಗುಪ್ತನನ್ನು ಪ್ರಧಾನ ಮಂತ್ರಿಯನ್ನಾಗಿ ಮಾಡಿಕೊಂಡನೆಂದೂ, ಅದು ಬಲಿಯು ಶುಕ್ರನನ್ನು ಪಡೆದಂತಾಯಿತೆಂದೂ ಆತ ಹೇಳುತ್ತಾನೆ. ಮಂತ್ರಿಯ ಆಡಳಿತದ ಸಾಧನೆಯಾವುದನ್ನೂ ಅಲ್ಲಿ ಹೇಳದೆ ಆತನನ್ನು ಈ ಕಾವ್ಯದಿಂದಲೇ ಗುರುತಿಸಿದುದು ಗಮನಾರ್ಹ. ಕುಂಟಣಿಯ ಉಪದೇಶವನ್ನು ಬರೆದವನು ರಾಜ್ಯದ ಮಂತ್ರಾಲೋಚನೆಗೆ ಅನರ್ಹನೆಂದು ಕಲ್ಹಣನಿಗೆ ತೋರಿಲ್ಲ. ಪರರ ಮನಸ್ಸಿನ ದೌರ್ಬಲ್ಯವನ್ನು ಅಳೆಯುವ ವಿದ್ಯೆ ಮಂತ್ರಿಗೂ ಬೇಕು, ಕುಟ್ಟನಿಗೂ ಬೇಕು.

ಎರಡನೆಯವರು ಆಲಂಕಾರಿಕರು. ಮಮ್ಮಟನು ‘ಕಾವ್ಯಪ್ರಕಾಶ’ದಲ್ಲಿ ಈ ಕಾವ್ಯದ ಪದ್ಯವನ್ನು ಉದಾಹರಿಸಿದ್ದಾನೆ. ಅವರಿಗೆ ಬೇಕಾದುದು ಬಿಡಿ ಪದ್ಯ. ಅದನ್ನು ಯಾರು ಯಾರಿಗೆ ಏತಕ್ಕಾಗಿ ಹೇಳಿದರೆಂಬುದಲ್ಲ.

ಮೂರನೆಯವನು ಹನ್ನೊಂದನೆಯ ಶತಮಾನದ ಕ್ಷೇಮೇಂದ್ರ. ಆತನ ‘ಸಮಯಮಾತೃಕೆ’ಯನ್ನು ಕುಟ್ಟನೀಮತಕ್ಕೆ ಒಬ್ಬ ಓದುಗನು ಬರೆದ ಉತ್ತರವೆಂದೇ ಓದಬಹುದು. ಅಲ್ಲಿಯೂ ತರುಣಿಯೊಬ್ಬಳು ಮುದಿ ಕುಟ್ಟನಿಯನ್ನು ಆಶ್ರಯಿಸುತ್ತಾಳೆ. ಆದರೆ ಕ್ಷೇಮೇಂದ್ರನು ಮುದುಕಿಯ ಪೂರ್ವಚರಿತ್ರೆಯನ್ನೇ ಕಥೆಯಾಗಿ ಮಾಡಿ, ವೇಷದ ಮೇಲೆ ವೇಷ ಹಾಕಿ ಊರೂರು ಅಲೆದ ಅವಳನ್ನು ನಗೆಗೀಡುಮಾಡುತ್ತಾನೆ. ದಾಮೋದರಗುಪ್ತನಿಗೆ ವಿಕರಾಲೆಯ ರೂಪ ಹಾಸ್ಯಾಸ್ಪದವಾದರೂ ಬುದ್ಧಿ ಹಾಸ್ಯಾಸ್ಪದವಲ್ಲ. ಕ್ಷೇಮೇಂದ್ರನಿಗೆ ಆ ಬುದ್ಧಿಯನ್ನು ದಂಡಿಸದೆ ಬಿಡುವುದು ಸರಿದೋರಲಿಲ್ಲವೆಂದು ಕಾಣುತ್ತದೆ.

ಹೀಗೆ ಪ್ರಸಿದ್ಧವಾಗಿದ್ದ ಕಾವ್ಯ ಮುಂದೆ ಕಣ್ಮರೆಯಾಯಿತು. ೧೮೮೩ರಲ್ಲಿ ಪೀಟರ್ಸನ್ನರಿಗೆ ಅದರ ತಾಳೆಯೋಲೆಯ ಪ್ರತಿ ದೊರೆತುದು ಗುಜರಾತಿನ ಖಂಭಾತದ ಶಾಂತಿನಾಥ ಜೈನ ಭಂಡಾರದಲ್ಲಿ. ವೇಶ್ಯೆಯ ಉಪದೇಶವನ್ನು ಶತಮಾನಗಳ ಕಾಲ ಹುಳು ತಿನ್ನದಂತೆ ಕಾಪಾಡಿದವರು ಸಂಸಾರವನ್ನೇ ತೊರೆದ ಯತಿಗಳ ಪರಂಪರೆಯವರು ಎಂಬುದನ್ನು, ಇಂತಹ ಗ್ರಂಥ ಧರ್ಮಕ್ಕೆ ಹಾನಿಯೆಂದು ವಾದಿಸುವವರು ನೆನೆಯಬೇಕು. ೧೮೮೭ರಲ್ಲಿ ಪಂಡಿತ ದುರ್ಗಾಪ್ರಸಾದರು ಕಾವ್ಯಮಾಲೆಯಲ್ಲಿ ಅದನ್ನು ಅಚ್ಚುಮಾಡಿಸಿದರು. ಆ ಪಾಠ ಅಪೂರ್ಣವಾಗಿದ್ದಿತು. ಬಳಿಕ ಹರಪ್ರಸಾದ ಶಾಸ್ತ್ರಿಗಳಿಗೆ ನೇಪಾಳದಲ್ಲಿ ಮತ್ತೊಂದು ಪ್ರತಿ ಸಿಕ್ಕಿತು. ೧೯೨೪ರಲ್ಲಿ ತನಸುಖರಾಮ ತ್ರಿಪಾಠಿಗಳು ಸಂಸ್ಕೃತ ವ್ಯಾಖ್ಯಾನದೊಡನೆಯೂ, ೧೯೪೪ರಲ್ಲಿ ಮಧುಸೂದನ ಕೌಲರು ಕಲ್ಕತ್ತೆಯ ಬಿಬ್ಲಿಯೊಥೆಕಾ ಇಂಡಿಕಾ ಮಾಲೆಯಲ್ಲಿಯೂ ಸಂಪಾದಿಸಿದರು.

ಗ್ರಂಥ ಬೆಳಕಿಗೆ ಬಂದೊಡನೆಯೇ ಓದುಗರು ಹಂಚಿಹೋದರು. ಯುರೋಪಿನಲ್ಲಿ ೧೯೦೩ರಲ್ಲಿ ಮೇಯರನ ಜರ್ಮನ್ ಅನುವಾದ ಹೊರಬಂದಿತು. ೧೯೨೭ರ ಸುಮಾರಿಗೆ ಪೊವಿಸ್ ಮ್ಯಾಥರ್ಸನು ಫ್ರೆಂಚಿನ ಮೂಲಕ ಇಂಗ್ಲಿಷಿಗೆ ತಂದು, ‘ಪೌರಸ್ತ್ಯ ಪ್ರೇಮ’ವೆಂಬ ಅರ್ಥದ ಹೆಸರುಳ್ಳ ಮಾಲೆಯಲ್ಲಿ ಸೇರಿಸಿದನು, ಅಲ್ಲಿಯ ಓದುಗನಿಗೆ ಅದು ದೂರದೇಶದ ಶೃಂಗಾರದ ಕೌತುಕವಾಯಿತು. ಅಜಯಮಿತ್ರ ಶಾಸ್ತ್ರಿಗಳ ೧೯೭೫ರ ಗ್ರಂಥಕ್ಕೆ ಅದು ಎಂಟನೆಯ ಶತಮಾನದ ಸಮಾಜ, ಉಡುಗೆತೊಡುಗೆ, ಆಡಳಿತಗಳ ಭಂಡಾರ. ನಾಟ್ಯದ ಇತಿಹಾಸಕಾರರಿಗೆ ‘ರತ್ನಾವಳಿ’ಯ ಪ್ರಯೋಗವನ್ನು ಕಣ್ಣಿಗೆ ಕಟ್ಟುವಂತೆ ವರ್ಣಿಸಿದ ಪದ್ಯಗಳೇ ಸಾಕು. ಮನೆಯ ಕಪಾಟಿನಲ್ಲಿ ಇಡತಕ್ಕುದಲ್ಲವೆಂದು ಬದಿಗೊತ್ತಿದವರೂ ಉಂಟು. ಕೊನೆಯ ಫಲಶ್ರುತಿಯನ್ನು ಮುಂದುಮಾಡಿ ನೀತಿಗ್ರಂಥವೆಂದು ಸಮರ್ಥಿಸಿದವರೂ ಉಂಟು. ೨೦೧೨ರಲ್ಲಿ ಚಾಬಾ ದೆಜೋ ಮತ್ತು ಡೊಮಿನಿಕ್ ಗುಡಾಲ್ ಅವರ ಸಂಶೋಧಿತ ಪಾಠವೂ ಅನುವಾದವೂ ಹೊರಬಂದ ಮೇಲೆ ಇಡೀ ಕೃತಿಯನ್ನು ಒಂದಾಗಿ ಓದಲು ಅನುಕೂಲವಾಯಿತು. ಹಾಗೆ ಒಂದಾಗಿ ಓದಿದಾಗಲೇ ಈ ಭಿನ್ನಾಭಿಪ್ರಾಯದ ಬೇರು ಕಾಣುವುದು.

೪

ಓದುಗರನ್ನು ಕಳವಳಗೊಳಿಸುವ ಮೊದಲ ಸಂಗತಿ, ಇಲ್ಲಿ ವಂಚಕಿಗೆ ಶಿಕ್ಷೆಯಿಲ್ಲವೆಂಬುದು. ದಂಡಿಯ ‘ದಶಕುಮಾರಚರಿತ’ದ ಕಾಮಮಂಜರಿಯನ್ನು ಇದರೊಡನೆ ಹೋಲಿಸಬಹುದು. ಪಂಢರಾಪುರದ ವಿಠಲನ ಭಕ್ತನಾದ ಚೌಂಡರಸನು ಆ ಕೃತಿಯನ್ನು ‘ಅಭಿನವ ದಶಕುಮಾರಚರಿತೆ’ಯಾಗಿ ಕನ್ನಡಕ್ಕೆ ತಂದುದರಿಂದ ಕನ್ನಡಿಗರಿಗೂ ಆ ಲೋಕ ಅಪರಿಚಿತವಲ್ಲ. ಕಾಮಮಂಜರಿ ಗೆಳತಿಯೊಡನೆ ಪಂಥ ಕಟ್ಟಿ, ವೈರಾಗ್ಯದ ನಟನೆಯಿಂದ ಮರೀಚಿ ಮುನಿಯ ಆಶ್ರಮವನ್ನು ಸೇರಿ, ಆತನನ್ನು ಮರುಳುಮಾಡಿ ಊರ ಉತ್ಸವಕ್ಕೆ ಕರೆತಂದು, ಪಂಥ ಗೆದ್ದೊಡನೆ ಕೈಬಿಡುತ್ತಾಳೆ. ಆದರೆ ಮುಂದೆ ಅಪಹಾರವರ್ಮನು ಹಣ ಸುರಿಯುವ ಚರ್ಮದ ಚೀಲದ ಆಸೆ ತೋರಿಸಿ ಅವಳನ್ನೇ ವಂಚಿಸುತ್ತಾನೆ. ಓದುಗನ ಮನಸ್ಸಿನ ತಕ್ಕಡಿ ಸಮನಾಗುತ್ತದೆ. ಆತ ನಕ್ಕು ಪುಸ್ತಕವನ್ನು ಮುಚ್ಚಬಹುದು.

ಕುಟ್ಟನೀಮತದಲ್ಲಿ ಇಂತಹ ಸಮಾಧಾನವಿಲ್ಲ. ಇಪ್ಪತ್ತನೆಯ ಶತಮಾನದ ಪಾಶ್ಚಾತ್ಯ ಓದುಗರೂ ಇದೇ ಇಕ್ಕಟ್ಟನ್ನು ಎದುರಿಸಬೇಕಾಯಿತು. ಟಾಮಸ್ ಮಾನ್‌ನ ೧೯೫೪ರ ‘ಫೆಲಿಕ್ಸ್ ಕ್ರುಲ್’ನಲ್ಲಿ ವಂಚಕನೇ ತನ್ನ ಕಥೆಯನ್ನು ಸೊಗಸಾಗಿ ಹೇಳಿಕೊಳ್ಳುತ್ತಾನೆ. ಪ್ಯಾಟ್ರೀಷಿಯಾ ಹೈಸ್ಮಿತ್‌ಳ ೧೯೫೫ರ ‘ದ ಟ್ಯಾಲೆಂಟೆಡ್ ಮಿಸ್ಟರ್ ರಿಪ್ಲಿ’ಯಲ್ಲಿ ಕೊಲೆಗಾರನಾದ ಮೋಸಗಾರನು ಕೊನೆಗೂ ಸಿಕ್ಕಿಬೀಳುವುದಿಲ್ಲ. ಅಂತಹ ಕಥೆಯಲ್ಲಿ ಸಿಕ್ಕಿಬೀಳುವನೋ ಏನೋ ಎಂಬ ಆತಂಕದಲ್ಲಿ ಓದುಗನು ತನಗರಿವಿಲ್ಲದೆಯೇ ವಂಚಕನ ಪಕ್ಷವನ್ನು ಹಿಡಿದಿರುತ್ತಾನೆ. ಅದು ಅರಿವಾದಾಗ ತನ್ನ ಮೇಲೆಯೇ ಬರಬೇಕಾದ ಕೋಪವನ್ನು ಪುಸ್ತಕದ ಮೇಲೆ ತೋರಿಸುತ್ತಾನೆ. ದಾಮೋದರಗುಪ್ತನ ಮೇಲಿನ ಆಕ್ಷೇಪಗಳಲ್ಲಿ ಇಂತಹ ಕೋಪದ ಅಂಶ ಎಷ್ಟೆಂಬುದನ್ನು ವಿಚಾರಿಸಬೇಕು.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಚಿಂತಾಮಣಿಯ ವಂಚನೆ ಕಾವ್ಯದಲ್ಲಿ ನಡೆಯುವುದೇ ಇಲ್ಲ. ಆತ ಒಮ್ಮೆಯೂ ರಂಗಕ್ಕೆ ಬರುವುದಿಲ್ಲ. ಒಂದು ಕಾಸೂ ಕೈಬದಲಾಗುವುದಿಲ್ಲ. ಹೀಗೆ ಮಾಡಬೇಕು, ಹೀಗೆ ಹೇಳಬೇಕು, ಆಗ ಆತ ಹೀಗೆನ್ನುವನು—ಎಂದು ವಿಧ್ಯರ್ಥದಲ್ಲಿಯೇ ಎಲ್ಲವೂ ಸಾಗುತ್ತದೆ. ಆದರೂ ಓದುಗನು ಚಿಂತಾಮಣಿಯ ಬಿಗಿದ ಉಡುಗೆಯನ್ನೂ ದರ್ಪವನ್ನೂ ದೈನ್ಯವನ್ನೂ ಕಣ್ಣಾರೆ ಕಂಡಂತೆ ನಂಬಿಬಿಡುತ್ತಾನೆ. ಇಲ್ಲದ ಘಟನೆಯನ್ನು ನಂಬಿಸಿದವಳು ವಿಕರಾಲೆ. ಅವಳ ಮುಂದೆ ಕುಳಿತು ಕೇಳಿದವರು ಮಾಲತಿಯೊಬ್ಬಳು, ಓದುಗನೊಬ್ಬ. ಕಾವ್ಯದ ನಿಜವಾದ ರೋಮಾಂಚಕತೆ ಇರುವುದು ಇಲ್ಲಿ: ಮುಂದೇನಾಗುವುದೋ ಎಂಬ ಪ್ರಶ್ನೆಯಲ್ಲಲ್ಲ, ತಾನು ಏಕೆ ನಂಬುತ್ತಿದ್ದೇನೆ ಎಂಬ ಪ್ರಶ್ನೆಯಲ್ಲಿ.

ಹಾರಲತೆಯ ಕಥೆಯಲ್ಲಿ ಈ ಪ್ರಶ್ನೆ ಹರಿತವಾಗುತ್ತದೆ. ಅದನ್ನು ಕಾವ್ಯದ ಹೃದಯವೆಂದು ಭಾವಿಸುವ ಓದುಗರು ಅನೇಕರು. ಆಲದ ಮರದ ಬುಡದಲ್ಲಿ ಸತ್ತು ಬಿದ್ದ ಆ ಹೆಣ್ಣಿಗಾಗಿ ಕಣ್ಣೀರಿಡದವನು ಕಲ್ಲೆದೆಯವನು. ಆದರೆ ಆ ಕಥೆ ಅಲ್ಲಿ ಇರುವುದೇತಕ್ಕೆ? ವಿಟನ ಸಂಶಯವನ್ನು ಕಳೆದು ಆತನ ಚೀಲವನ್ನು ಬಿಚ್ಚಿಸುವುದಕ್ಕೆ. ಕಣ್ಣೀರಿಟ್ಟ ಓದುಗನು ಚಿಂತಾಮಣಿ ಕುಳಿತುಕೊಳ್ಳಬೇಕಾಗಿದ್ದ ಮಣೆಯ ಮೇಲೆಯೇ ಕುಳಿತಿದ್ದಾನೆ. ಹಾಗೆಂದು ಕಣ್ಣೀರು ಸುಳ್ಳೆ? ಹಾರಲತೆಯ ಪ್ರೇಮ ಸುಳ್ಳೆ? ಇಲ್ಲ. ಸುಳ್ಳನ್ನು ಮಾರುವವಳಿಗೆ ನಿಜದಷ್ಟು ಒಳ್ಳೆಯ ಸರಕು ಬೇರೊಂದಿಲ್ಲವೆಂಬುದೇ ಕವಿಯ ಅಭಿಪ್ರಾಯ. ನಿಜವಾದ ಪ್ರೇಮ ಜಗತ್ತಿನಲ್ಲಿ ಇಲ್ಲದಿದ್ದರೆ ಕಳ್ಳಪ್ರೇಮಕ್ಕೆ ಬೆಲೆಯೇ ಇರುತ್ತಿರಲಿಲ್ಲ. ಚಿನ್ನವಿಲ್ಲದ ಊರಿನಲ್ಲಿ ಗಿಲೀಟಿನ ಒಡವೆಯನ್ನು ಯಾರು ಕೊಳ್ಳುತ್ತಾರೆ?

೫

ಮಮ್ಮಟನು ಉದಾಹರಿಸಿದ ಪದ್ಯಕ್ಕೆ ಈಗ ಮರಳಬಹುದು. ಕರ್ಪೂರ, ಹಾರ, ತಾವರೆಗಳಾವುವೂ ತಣಿಸಲಾರದ ವಿರಹತಾಪದಿಂದ ಹಗಲಿರುಳೂ ಹಲುಬುವ ತರುಣಿಯ ಚಿತ್ರ ಅದರಲ್ಲಿದೆ. ಶಬ್ದದ ಅಲಂಕಾರವು ರಸಕ್ಕೆ ಹೇಗೆ ನೆರವಾಗುತ್ತದೆಂಬುದಕ್ಕೆ ಅದು ನಿದರ್ಶನ. ಅದರ ಮಾಧುರ್ಯವನ್ನು ಯಾವ ಸಹೃದಯನೂ ಅಲ್ಲಗಳೆಯಲಾರ. ಆದರೆ ಕಾವ್ಯದೊಳಗೆ ಅದನ್ನು ಹೇಳುವವಳು ಯಾರು? ವಿಕರಾಲೆ ಪಾಠಮಾಡಿಸಿ ಚಿಂತಾಮಣಿಯ ಬಳಿಗೆ ಕಳುಹಿಸಬೇಕೆಂದ ದೂತಿ. ಮಾಲತಿಗೆ ಆ ತಾಪವೇ ಇಲ್ಲ. ಪದ್ಯ ಅಪ್ಪಟ ವೃತ್ತಿಸುಳ್ಳು. ಅಲಂಕಾರಶಾಸ್ತ್ರದಲ್ಲಿ ವಿಪ್ರಲಂಭಕ್ಕೆ ಆದರ್ಶವಾದುದು ಕಾವ್ಯದೊಳಗೆ ಬಲೆಯ ಮೊದಲ ನೂಲು.

ಇದರಿಂದ ಮಮ್ಮಟನು ಮೋಸಹೋದನೆನ್ನಬಾರದು. ರಸಾನುಭವದ ನಿಯಮವನ್ನು ಕಾಶ್ಮೀರದ ಮೀಮಾಂಸಕರೇ ಮುಂದಿನ ಶತಮಾನಗಳಲ್ಲಿ ವಿವರಿಸಿದರು. ಭಟ್ಟನಾಯಕನ ಸಾಧಾರಣೀಕರಣದ ತತ್ತ್ವದಂತೆ, ರಂಗದ ಮೇಲಿನ ಭಾವವನ್ನು ಪ್ರೇಕ್ಷಕನು ‘ಇದು ನನ್ನದು’, ‘ಇದು ಪರರದು’ ಎಂಬ ಸಂಬಂಧವಿಲ್ಲದೆ ಸವಿಯುತ್ತಾನೆ. ಪದ್ಯವನ್ನು ಸವಿಯುವ ಸಹೃದಯನು ಆ ತಾಪ ತನಗಾಗಿ ಹುಟ್ಟಿತೆಂದು ತಿಳಿಯುವುದಿಲ್ಲ; ಆದುದರಿಂದ ಆತ ಏನನ್ನೂ ಕಳೆದುಕೊಳ್ಳುವುದಿಲ್ಲ. ಅದೇ ಪದ್ಯವನ್ನು ಕೇಳಬೇಕಾದ ಚಿಂತಾಮಣಿಯಾದರೋ ಅದನ್ನು ತನಗೇ ಬಂದ ಕರೆಯೆಂದು ತಿಳಿಯುವನು. ಆದುದರಿಂದ ಎಲ್ಲವನ್ನೂ ಕಳೆದುಕೊಳ್ಳುವನು. ಪದ್ಯ ಒಂದೇ, ಸೊಗಸು ಒಂದೇ. ಕೇಳುವವನ ಅಹಂಕಾರದಲ್ಲಿ ಮಾತ್ರ ಭೇದ.

ಸಮರಭಟನ ಕಥೆ ಈ ಮಾತಿಗೆ ರಂಗಸ್ಥಳದ ಸಾಕ್ಷ್ಯವನ್ನು ಒದಗಿಸುತ್ತದೆ. ಮಂಜರಿ ‘ರತ್ನಾವಳಿ’ಯ ನಾಯಿಕೆಯಾಗಿ ಉದಯನನನ್ನು ನೋಡಿದ ನೋಟವನ್ನು ಇಡೀ ಸಭೆ ಸವಿಯಿತು. ರಾಜಕುಮಾರನೊಬ್ಬನು ಆ ನೋಟದ ಕೊನೆಯನ್ನು ತನ್ನೆಡೆಗೆ ಎಳೆದುಕೊಂಡ. ನಟಿಯ ಕಲೆಯನ್ನು ಹೆಣ್ಣಿನ ಮನಸ್ಸೆಂದು ತಪ್ಪಾಗಿ ಓದಿದ. ಆತನಿಗೆ ಬಂದ ಹಾನಿ ಕೆಟ್ಟ ಹೆಣ್ಣಿನಿಂದ ಬಂದುದೆನ್ನುವುದಕ್ಕಿಂತ ಕೆಟ್ಟ ಓದಿನಿಂದ ಬಂದುದೆನ್ನುವುದು ಹೆಚ್ಚು ಸರಿ.

ಈ ಕಥೆಗೆ ಕಲ್ಹಣನಲ್ಲಿ ಒಂದು ಕುತೂಹಲದ ಪ್ರತಿಬಿಂಬವಿದೆ. ರಾಜ್ಯದಿಂದ ದೂರವಾಗಿ ವೇಷಮರೆಸಿ ಅಲೆಯುತ್ತಿದ್ದ ಜಯಾಪೀಡನು ಪುಂಡ್ರವರ್ಧನದ ಕಾರ್ತಿಕೇಯ ದೇವಾಲಯದಲ್ಲಿ ನೃತ್ಯವನ್ನು ನೋಡಲು ಹೋಗಿದ್ದನಂತೆ. ತಾಂಬೂಲಕ್ಕಾಗಿ ಆಗಾಗ ಹಿಂದಕ್ಕೆ ಕೈಚಾಚುವ ಆತನ ಅಭ್ಯಾಸದಿಂದ ಈತ ಸಾಮಾನ್ಯನಲ್ಲವೆಂದು ಕಮಲೆ ಎಂಬ ನರ್ತಕಿ ಕಂಡುಕೊಂಡು ಮನೆಗೆ ಬರಮಾಡಿಕೊಂಡಳು. ಆಕೆ ಆತನನ್ನು ಸುಲಿಯಲಿಲ್ಲ, ನೆರವಾದಳು. ಕಲ್ಹಣನು ಬರೆದುದು ಮೂರೂವರೆ ಶತಮಾನಗಳ ಬಳಿಕವಾದುದರಿಂದ ಇದನ್ನು ಇತಿಹಾಸವೆಂದು ಸಾಧಿಸಬೇಕಾಗಿಲ್ಲ. ಆದರೂ ದೇವಾಲಯದ ನೃತ್ಯ, ಪರದೇಶಿಯಾದ ರಾಜಪುತ್ರ, ಆತನನ್ನು ಗುರುತಿಸುವ ಗಣಿಕೆ—ಈ ಮೂರೂ ಎರಡೂ ಕಡೆ ಇವೆ. ಫಲ ಮಾತ್ರ ತದ್ವಿರುದ್ಧ. ಎರಡನ್ನೂ ಒಟ್ಟಿಗೆ ಓದಿದವನು ‘ಗಣಿಕೆಯರೆಲ್ಲ ವಂಚಕಿಯರು’ ಎಂಬ ಸುಲಭವಾದ ನೀತಿಯನ್ನು ಹ���ಡಿದು ಮನೆಗೆ ಹೋಗಲಾರ. ಹಾರಲತೆಯನ್ನೂ ಮಂಜರಿಯನ್ನೂ ಒಂದೇ ಕಾವ್ಯದಲ್ಲಿಟ್ಟ ದಾಮೋದರಗುಪ್ತನಿಗೂ ಆ ನೀತಿ ಒಪ್ಪಿಗೆಯಾಗಿರಲಾರದು.

೬

ಈ ಕಾವ್ಯದ ಮೇಲೆ ಹೊರಿಸಬಹುದಾದ ನಿಜವಾದ ಆಕ್ಷೇಪ ಅಶ್ಲೀಲತೆಯದಲ್ಲ, ಬೇರೊಂದು. ಇಲ್ಲಿಯ ಫಲಶ್ರುತಿ ಗಂಡಸರಿಗೆ ಮಾತ್ರ. ಮೋಸಹೋಗುವವನನ್ನು ಎಚ್ಚರಿಸುವ ಕವಿ, ಮೋಸಮಾಡಲೇಬೇಕಾದ ಬಾಳಿಗೆ ಬಿದ್ದವಳನ್ನು ಕುರಿತು ನೇರವಾಗಿ ಏನನ್ನೂ ಹೇಳುವುದಿಲ್ಲ. ಯೌವನವೆಂಬ ಬಂಡವಾಳ ಕೆಲವೇ ವರ್ಷ ಬಾಳುವುದೆಂಬುದು ವಿಕರಾಲೆಯ ಮೈಯೇ ಹೇಳುವ ಮಾತು. ಮಾಲತಿ ಅವಳ ಮುಂದೆ ಕುಳಿತಾಗ ತನ್ನ ಮುಪ್ಪಿನ ಮುಂದೆಯೇ ಕುಳಿತಿದ್ದಾಳೆ. ಕವಿ ಅದನ್ನು ಕಂಡಿದ್ದಾನೆ, ಚಿತ್ರಿಸಿದ್ದಾನೆ. ಆದರೆ ಅದರ ಹೊಣೆಯನ್ನು ಹೊತ್ತಿಲ್ಲ.

ಆ ಹೊಣೆಯನ್ನು ಹೊತ್ತವರು ಬೇರೆಯವರು. ಹನ್ನೆರಡನೆಯ ಶತಮಾನದ ಕನ್ನಡ ನಾಡಿನಲ್ಲಿ ಸೂಳೆ ಸಂಕವ್ವೆ, ನಿರ್ಲಜ್ಜೇಶ್ವರನ ಅಂಕಿತದಲ್ಲಿ, ತನ್ನ ವೃತ್ತಿಯ ಮಾತಿನಲ್ಲಿಯೇ ನಿಷ್ಠೆಯ ಪ್ರತಿಜ್ಞೆಯನ್ನು ಮಾಡಿದಳು. ಒಬ್ಬನಿಂದ ಒತ್ತೆ ಪಡೆದ ಮೇಲೆ ಮತ್ತೊಬ್ಬನ ಒತ್ತೆಗೆ ಕೈಯೊಡ್ಡೆನೆಂಬ ಆಕೆಯ ನಿಲವಿನ ಎದುರಿಗೆ ವಿಕರಾಲೆಯ ಉಪದೇಶವನ್ನಿಟ್ಟು ನೋಡಬೇಕು. ವಿಕರಾಲೆಗೆ ಪ್ರೇಮದ ಮಾತು ವ್ಯಾಪಾರದ ಸಾಧನ. ಸಂಕವ್ವೆಗೆ ವ್ಯಾಪಾರದ ಮಾತೇ ಭಕ್ತಿಯ ಸಾಧನ. ಉಳಿದುಬಂದಿರುವುದು ಆಕೆಯ ಒಂದೇ ವಚನವಾದರೂ, ಸಾವಿರ ಆರ್ಯೆಗಳಲ್ಲಿ ದೊರೆಯದ ಒಂದು ದನಿ ಅದರಲ್ಲಿದೆ: ಉಪದೇಶ ಪಡೆಯುವವಳದಲ್ಲ, ತಾನೇ ಮಾತಾಡುವವಳ ದನಿ.

ಇಪ್ಪತ್ತನೆಯ ಶತಮಾನದಲ್ಲಿ ಪ್ರೇಮಚಂದರು ಅದೇ ಕಾಶಿಯನ್ನು ಮತ್ತೊಂದು ಬದಿಯಿಂದ ನೋಡಿದರು. ಅವರ ‘ಸೇವಾಸದನ’ದ ಸುಮನ್, ಗಂಡ ಹೊರಹಾಕಿದ ಗೃಹಿಣಿ, ದಾಲಮಂಡಿಯ ಮಹಡಿಯನ್ನು ಹತ್ತುತ್ತಾಳೆ; ವಿಶ್ವನಾಥ ಗಲ್ಲಿಯಿಂದ ಅದು ದೂರವೇನಲ್ಲ. ಆ ಕಾದಂಬರಿ ಕೇಳುವುದು ಗಂಡಸು ಹೇಗೆ ಮೋಸಹೋದನೆಂದಲ್ಲ, ಹೆಣ್ಣು ಅಲ್ಲಿಗೆ ಹೇಗೆ ಬಂದಳೆಂದು. ನಗರಸಭೆಯ ಗಣ್ಯರು ವೇಶ್ಯೆಯರನ್ನು ಊರಾಚೆ ಸಾಗಿಸುವ ಚರ್ಚೆ ನಡೆಸುವಾಗ, ಆ ಮಹಡಿಗಳ ಮೆಟ್ಟಿಲನ್ನು ಸವೆಸಿದವರು ಯಾರೆಂಬುದೂ ಓದುಗನಿಗೆ ತಿಳಿದುಹೋಗುತ್ತದೆ. ಕುಟ್ಟನೀಮತವನ್ನು ಇಂದು ಓದುವವನು ‘ಸೇವಾಸದನ’ವನ್ನೂ ಸಂಕವ್ವೆಯ ವಚನವನ್ನೂ ಪಕ್ಕದಲ್ಲಿಟ್ಟುಕೊಳ್ಳುವುದು ಒಳ್ಳೆಯದು.

೭

ಆದುದರಿಂದ ಕುಟ್ಟನೀಮತದ ಓದುಗರಲ್ಲಿ ಕಾಣುವ ಭಿನ್ನಮತ ಕೇವಲ ರುಚಿಭೇದವಲ್ಲ. ನೀತಿವಾದಿ ಮೋಸಹೋಗುವವನು ಬೇರೊಬ್ಬನೆಂದು ತಿಳಿದು ಪುಸ್ತಕವನ್ನು ಹೊಗಳುತ್ತಾನೆ. ಆಕ್ಷೇಪಿಸುವವನು ಕೆಡುವವನು ಬೇರೊಬ್ಬನೆಂದು ತಿಳಿದು ತೆಗಳುತ್ತಾನೆ. ಇತಿಹಾಸಕಾರನಿಗೆ ಆ ಬೇರೊಬ್ಬನು ಸತ್ತು ಶತಮಾನಗಳಾಗಿವೆ. ಕವಿ ಮಾತ್ರ ಓದುಗನನ್ನು ವಿಕರಾಲೆಯ ಎದುರಿಗೇ ಕೂರಿಸಿ, ಮಾತಿನ ಸೊಗಸನ್ನು ಸವಿಯುತ್ತಲೇ ಅದು ಯಾರಿಗಾಗಿ ಹುಟ್ಟಿತೆಂದು ಕೇಳಿಕೊಳ್ಳುವ ಅಭ್ಯಾಸವನ್ನು ಕಲಿಸುತ್ತಾನೆ.

ಸುಂದರಸೇನನು ಮನೆಬಿಟ್ಟು ಹೊರಟುದೂ ಒಂದು ಆರ್ಯೆಯನ್ನು ಕೇಳಿ. ಪರದೇಶಗಳ ನಡೆನುಡಿಗಳನ್ನು ಅರಿಯದವನ ಬಾಳು ಅಪೂರ್ಣವೆಂಬುದು ಅದರ ಆಶಯ. ಆ ಆರ್ಯೆ ಸುಳ್ಳು ಹೇಳಲಿಲ್ಲ. ಹೋದ ನಾಡಿನಲ್ಲಿ ಕೇಳುವ ಮಾತುಗಳನ್ನು ಹೇಗೆ ಕೇಳಬೇಕೆಂಬುದನ್ನು ಮಾತ್ರ ಹೇಳಲಿಲ್ಲ. ಹುಟ್ಟಿದ ಊರನ್ನು ಬಿಟ್ಟು ಬೇರೆ ನಗರಗಳಲ್ಲಿ ಬದುಕು ಕಟ್ಟಿಕೊಂಡ ಕನ್ನಡಿಗರಿಗೆ ಈ ಕೊರತೆ ಚೆನ್ನಾಗಿ ಗೊತ್ತು. ಹೊಸ ಊರಿನಲ್ಲಿ ಯಾರನ್ನೂ ನಂಬದೆ ಬಾಳಲಾಗದು. ಎಲ್ಲ ಕರೆಗಳಿಗೂ ಓಗೊಟ್ಟು ಬಾಳಲೂ ಆಗದು. ಇಂದಿನ ವಿಶ್ವನಾಥ ಮಂದಿರ ೧೭೮೦ರ ಸುಮಾರಿಗೆ ಅಹಲ್ಯಾಬಾಯಿ ಹೋಳ್ಕರಳು ಕಟ್ಟಿಸಿದುದು. ೨೦೨೧ರಲ್ಲಿ ಅದರ ಸುತ್ತಿನ ಪ್ರದೇಶ ವಿಶಾಲವಾದ ಹೊಸ ರೂಪವನ್ನು ತಾಳಿತು. ದಾಮೋದರಗುಪ್ತನ ಕಾಲದ ಶಿವಾಲಯವೂ ನಾಟ್ಯವೂ ಉಳಿದಿಲ್ಲ. ಆದರೆ ಗಲ್ಲಿಯಲ್ಲಿ ಇಂದಿಗೂ ಕರೆಗಳು ಕೇಳುತ್ತವೆ. ಅವುಗಳಲ್ಲಿ ಸೊಗಸಾದುವೂ ಉಂಟು, ಪ್ರಾಮಾಣಿಕವಾದುವೂ ಉಂಟು. ನಿಂತು ಕೇಳುವುದರಲ್ಲಿ ದೋಷವಿಲ್ಲ.